ಬಾಯಿ ಅವರದ್ದು, ದನಿ ಬಾಡಿಗೆಯದ್ದು

ಡಬ್ಬಿಂಗ್ ಅಂದರೆ ಮುಖ ಸಿಂಡರಿಸುವ ನಾಡಿನಿಂದ ಬಂದವನು ನಾನು. 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ ಅಂಥವರು ಬೀದಿಗಿಳಿದಿದ್ದರು. ರಾಜ್‌ಕುಮಾರ್ ಕೂಡ ಬೆನ್ನಿಗೆ ನಿಂತರು. ಬೇರೆ ಭಾಷೆಯ ಸಿನಿಮಾಕ್ಕೆ ಕನ್ನಡದ ದನಿ ಕೂಡಿಸಿ ಬಿಡುಗಡೆ ಮಾಡುವುದು ನಮ್ಮಲ್ಲಿ ನಿಂತೇ ಹೋಯಿತು. ಮೈಸೂರಿನಲ್ಲಿ ಬೆಳೆಯುತ್ತಿದ್ದ ನಮಗೆಲ್ಲ ಅದು ವಾದದ ವಿಷಯವೇ ಆಗಿರಲಿಲ್ಲ. ಒಬ್ಬರ ಬಾಯಿಗೆ ಇನ್ನೊಬ್ಬರ ದನಿ ಅಂಟಿಸುವುದು ಮರ್ಯಾದಸ್ಥರು ಮಾಡುವ ಕೆಲಸ ಅಲ್ಲ, ಅಷ್ಟೇ. ಅಂಥವನು ಲಂಡನ್ನಿಗೆ ಹೋಗಿ ಹತ್ತಿರ ಹತ್ತಿರ ಆರು ವರ್ಷ ಅದನ್ನೇ ಮಾಡಿ ಹೊಟ್ಟೆ ಹೊರೆದೆ. ಅದೂ ಸಿನಿಮಾಕ್ಕಲ್ಲ. ಸುದ್ದಿಗೆ.

ನಾನು ಲಂಡನ್ನಿಗೆ ಬಂದಿದ್ದು 1986ರಲ್ಲಿ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿದಿತ್ತು. ಅಕ್ಕ ಭಾವ ಅಲ್ಲೇ ಇದ್ದರು. ಸೌಂಡ್ ಕೋರ್ಸ್ ಓದುವ ನೆಪದಲ್ಲಿ ಅವರ ಮನೆ ಸೇರಿದೆ. ಆಮೇಲೆ ಸೋಹೋದ ಒಂದು ಸಣ್ಣ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು. ಬೇರೆ ಬೇರೆ ಚಾನೆಲ್ಲುಗಳ ಕಾರ್ಯಕ್ರಮಗಳಿಗೆ ಎಡಿಟಿಂಗ್, ಸೌಂಡ್ ಮಿಕ್ಸಿಂಗ್ ಮಾಡಿಕೊಡುವ ಜಾಗ ಅದು. ಮೊದಲ ವರ್ಷ ನನ್ನ ಕೆಲಸ ಟೇಪ್ ಹೊರುವುದು, ಟೀ ತರುವುದು. ಎರಡನೇ ವರ್ಷ ಮಿಕ್ಸಿಂಗ್ ಟೇಬಲ್ ಹತ್ತಿರ ಕೂರಲು ಬಿಟ್ಟರು. ಕೈ ಪಳಗುವ ಹೊತ್ತಿಗೆ ಸರಿಯಾಗಿ ಆ ಆದೇಶ ಬಂತು.

1988ರ ಅಕ್ಟೋಬರ್ 19. ಗೃಹ ಸಚಿವ ಡಗ್ಲಸ್ ಹರ್ಡ್ ಸಂಸತ್ತಿನಲ್ಲಿ ಎದ್ದು ನಿಂತು ಪ್ರಕಟಿಸಿದರು. ಹೊಸ ಕಾನೂನು ಏನೂ ಮಾಡಲಿಲ್ಲ. ಬಿಬಿಸಿಯ ಲೈಸೆನ್ಸ್ ಒಪ್ಪಂದದಲ್ಲಿ ಒಂದು ಕಲಮು, ಖಾಸಗಿ ಚಾನೆಲ್ಲುಗಳ ಮೇಲಿನ 1981ರ ಪ್ರಸಾರ ಕಾಯ್ದೆಯಲ್ಲಿ ಇನ್ನೊಂದು ಕಲಮು, ಎರಡೂ ಮೊದಲೇ ಇದ್ದವು. ಅವನ್ನು ಹಿಡಿದುಕೊಂಡು ಎರಡು ನೋಟಿಸ್ ಕಳಿಸಿದರು. ಉತ್ತರ ಐರ್ಲೆಂಡಿನ 11 ಸಂಘಟನೆಗಳ ಪರವಾಗಿ ಯಾರು ಮಾತಾಡಿದರೂ ಆ ಮಾತನ್ನು ಟಿವಿಯಲ್ಲಿ, ರೇಡಿಯೋದಲ್ಲಿ ಪ್ರಸಾರ ಮಾಡಬಾರದು. ಅವುಗಳಿಗೆ ಬೆಂಬಲ ಕೋರುವ ಮಾತೂ ಕೂಡದು. ಪಟ್ಟಿಯಲ್ಲಿ ಐಆರ್‌ಎ ಇತ್ತು, ಉತ್ತರ ಐರ್ಲೆಂಡನ್ನು ಬ್ರಿಟನ್ನಿನಿಂದ ಬಿಡಿಸಿ ಐರ್ಲೆಂಡಿಗೆ ಸೇರಿಸಲು ಆಯುಧ ಹಿಡಿದ ಗುಂಪು, ಅದು ಮೊದಲೇ ನಿಷೇಧಿತ ಸಂಘಟನೆ. ಬ್ರಿಟನ್ನಿನಲ್ಲೇ ಉಳಿಯಬೇಕು ಅನ್ನುವ ಎದುರು ಬಣದ, ಅಂದರೆ ಲಾಯಲಿಸ್ಟರ, ಯುಡಿಎ ಇತ್ತು, ಯುವಿಎಫ್ ಇತ್ತು. ಆದರೆ ಎಲ್ಲರ ಕಣ್ಣಿದ್ದದ್ದು ಶಿನ್ ಫೇನ್ ಮೇಲೆ. ಅದು ಐಆರ್‌ಎ ಜೊತೆ ಗುರುತಿಸಿಕೊಂಡಿದ್ದ, ಆದರೆ ಕಾನೂನುಬದ್ಧವಾದ ರಾಜಕೀಯ ಪಕ್ಷ. ಅದರ ನಾಯಕ ಜೆರ್ರಿ ಆಡಮ್ಸ್ ಪಶ್ಚಿಮ ಬೆಲ್‌ಫಾಸ್ಟಿನಿಂದ ಗೆದ್ದ ಎಂಪಿ. ಊರೂರಿನ ಕೌನ್ಸಿಲ್‌ಗಳಲ್ಲಿ ಅವರ ಪಕ್ಷದ ಸದಸ್ಯರಿದ್ದರು.

ಪ್ರಚಾರವೇ ಭಯೋತ್ಪಾದಕರ ಆಮ್ಲಜನಕ ಅಂತ ಮಾರ್ಗರೆಟ್ ಥ್ಯಾಚರ್ 1985ರಲ್ಲೇ ಹೇಳಿದ್ದರು. ಆ ಮಾತು ಜಾರಿಗೆ ಬರಲು ಮೂರು ವರ್ಷ ಹಿಡಿಯಿತು. ಆ ಮೂರು ವರ್ಷದಲ್ಲಿ ಏನೇನಾಯಿತು ಅಂತ ನೆನೆದರೆ ಆದೇಶ ಯಾಕೆ ಬಂತು ಅನ್ನುವುದು ಅರ್ಥವಾಗದ ವಿಷಯವೇನಲ್ಲ. 1987ರ ನವೆಂಬರಿನಲ್ಲಿ ಎನಿಸ್‌ಕಿಲ್ಲೆನ್‌ನಲ್ಲಿ ಯುದ್ಧದಲ್ಲಿ ಸತ್ತವರನ್ನು ನೆನೆಯಲು ಸೇರಿದ್ದ ಜನರ ಪಕ್ಕದಲ್ಲಿ ಐಆರ್‌ಎ ಬಾಂಬ್ ಸಿಡಿದು 11 ಜನ ಸತ್ತರು. 1988ರ ಮಾರ್ಚಿನಲ್ಲಿ ಜಿಬ್ರಾಲ್ಟರಿನಲ್ಲಿ ಐಆರ್‌ಎಯ ಮೂವರನ್ನು ಬ್ರಿಟಿಷ್ ಸೈನಿಕರು ಗುಂಡಿಟ್ಟು ಕೊಂದರು. ಮೂವರ ಹತ್ತಿರವೂ ಆಯುಧ ಇರಲಿಲ್ಲ. ಅವರ ಅಂತ್ಯಕ್ರಿಯೆಯ ಮೇಲೆ ಎದುರು ಬಣದ ಒಬ್ಬ ಬಾಂಬೆಸೆದ. ಆ ದಾಳಿಯಲ್ಲಿ ಸತ್ತವರಲ್ಲಿ ಒಬ್ಬನ ಅಂತ್ಯಕ್ರಿಯೆಯ ಮೆರವಣಿಗೆಗೆ ಕಾರು ನುಗ್ಗಿಸಿದ ಇಬ್ಬರು ಬ್ರಿಟಿಷ್ ಸೈನಿಕರನ್ನು ಜನ ಹಿಡಿದರು, ಐಆರ್‌ಎ ಕೊಂದಿತು. ಆಗಸ್ಟಿನಲ್ಲಿ ಬ್ಯಾಲಿಗಾಲಿ ಹತ್ತಿರ ಬಸ್ಸಿಗೆ ಬಾಂಬಿಟ್ಟು 8 ಸೈನಿಕರನ್ನು ಕೊಂದರು. ಪ್ರತಿ ಸಲವೂ ರಾತ್ರಿ ಸುದ್ದಿಯಲ್ಲಿ ಶಿನ್ ಫೇನ್‌ನವರು ಕೂತು ಅದಕ್ಕೊಂದು ವಿವರಣೆ ಕೊಡುತ್ತಿದ್ದರು. ಸತ್ತವರ ಮನೆಯವರೂ ಅದನ್ನು ನೋಡಬೇಕಿತ್ತು.

ನಮ್ಮ ಭಾವ ಆದೇಶದ ಪರ. ಅವರು ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದಿ ಬಂದವರು. ಈ ದೇಶದಲ್ಲಿ ಅವರಿಗೆ ಮೊದಲ ಕೆಲಸ ಸಿಕ್ಕಿದ್ದೇ ಬೆಲ್‌ಫಾಸ್ಟಿನ ಒಂದು ಆಸ್ಪತ್ರೆಯಲ್ಲಿ. 1972ರ ಜುಲೈ 21ರ ಶುಕ್ರವಾರ ಅಲ್ಲೇ ಡ್ಯೂಟಿಯಲ್ಲಿದ್ದರು. ಒಂದೂವರೆ ಗಂಟೆಯೊಳಗೆ ಊರಿನ ತುಂಬ ಐಆರ್‌ಎ ಇಟ್ಟ ಇಪ್ಪತ್ತಕ್ಕೂ ಜಾಸ್ತಿ ಬಾಂಬ್ ಸಿಡಿದ ದಿನ ಅದು. ಒಂಬತ್ತು ಜನ ಸತ್ತರು. ಆ ದಿನದ ಬಗ್ಗೆ ಭಾವ ನನ್ನೆದುರು ಪೂರ್ತಿಯಾಗಿ ಯಾವತ್ತೂ ಮಾತಾಡಿಲ್ಲ. ಆದೇಶ ಬಂದ ರಾತ್ರಿ ಮಾತ್ರ, ‘ಒಳ್ಳೇದಾಯ್ತು ಬಿಡು. ಆ ದನಿಗಳು ನಮ್ಮ ಮನೆಯೊಳಗೆ ಬರೋದು ಬೇಡ,’ ಅಂದರು.

ನಮ್ಮಪ್ಪನಿಗೆ ಕಾಗದ ಬರೆದು ತಿಳಿಸಿದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಅವರು ರಾತ್ರಿ ಕದ ಹಾಕಿಕೊಂಡು, ಟ್ರಾನ್ಸಿಸ್ಟರ್ ಕಿವಿಗೆ ಒತ್ತಿ ಬಿಬಿಸಿ ಕೇಳುತ್ತಿದ್ದರು. ‘ಆಕಾಶವಾಣಿ’ ಅನ್ನುವ ಹೆಸರಿಟ್ಟು ಗೋಪಾಲಸ್ವಾಮಿಯವರು 1935ರಲ್ಲಿ ರೇಡಿಯೋ ಶುರು ಮಾಡಿದ ಊರು ನಮ್ಮದು. ಆದರೂ ನಿಜವಾದ ಸುದ್ದಿ ಬೇಕಿದ್ದರೆ ಲಂಡನ್ನಿಗೆ ಕಿವಿ ಕೊಡಬೇಕಾಗಿತ್ತು. ಅಪ್ಪನ ಉತ್ತರ ಎರಡು ವಾರ ಬಿಟ್ಟು ಬಂತು. ಕೊನೆಗೆ ಒಂದು ಸಾಲು ಸೇರಿಸಿದ್ದರು: ‘ಹಾಗಾದರೆ ಅಲ್ಲಿನವರು ಯಾವ ಸ್ಟೇಷನ್ ಹಿಡಿಯುತ್ತಾರೆ?’

ಮೊದಲ ಕೆಲವು ದಿನ ಸ್ಟುಡಿಯೋದಲ್ಲಿ ಯಾರಿಗೂ ಏನು ಮಾಡಬೇಕು ಅಂತಲೇ ಗೊತ್ತಿರಲಿಲ್ಲ. ನೋಟಿಸಿನ ಪ್ರತಿ ತರಿಸಿ, ನಮ್ಮ ಹಿರಿಯ ಎಡಿಟರ್ ಕನ್ನಡಕ ಮೂಗಿನ ತುದಿಗಿಳಿಸಿ ಪದ ಪದ ಓದಿದ. ಅದರಲ್ಲಿದ್ದದ್ದು ‘ಆಡಿದ ಮಾತು’. ಮುಖದ ಬಗ್ಗೆ ಚಕಾರ ಇಲ್ಲ. ಅಂದರೆ ಮುಖ ತೋರಿಸಬಹುದು. ಆ ಮಾತನ್ನೇ ವರದಿಗಾರ ತನ್ನ ಬಾಯಲ್ಲಿ ಹೇಳಬಹುದು. ಪತ್ರಿಕೆಯಲ್ಲಿ ಅಚ್ಚು ಹಾಕಬಹುದು, ಪತ್ರಿಕೆಗಳಿಗೆ ಆದೇಶ ಅನ್ವಯಿಸುತ್ತಲೇ ಇರಲಿಲ್ಲ. ಕೆಲವೇ ದಿನಗಳಲ್ಲಿ ಗೃಹ ಇಲಾಖೆಯಿಂದ ಬಿಬಿಸಿಗೆ ಒಂದು ವಿವರಣೆ ಹೋಯಿತು. ತಡೆ ಇರುವುದು ಆ ವ್ಯಕ್ತಿಯ ನೇರ ಮಾತಿಗೆ ಮಾತ್ರ, ಬೇರೆಯವರು ಹೇಳಿದರೆ ಅಡ್ಡಿಯಿಲ್ಲ ಅಂತ. ‘ಬೇರೆಯವರು’ ಅಂದರೆ ನಟರೂ ಆಗಬಹುದಲ್ವಾ ಅಂತ ಯಾರಿಗೋ ಹೊಳೆಯಿತು. ಅಲ್ಲಿಂದ ನಮ್ಮ ಅಂಗಡಿ ಶುರು.

ಶುರುವಿನಲ್ಲಿ ಬರೀ ಅಕ್ಷರಗಳು. ತುಟಿ ಅಲ್ಲಾಡುತ್ತದೆ, ಸದ್ದಿಲ್ಲ, ಕೆಳಗೆ ಸಾಲುಗಳು ಓಡುತ್ತವೆ. ಮೀನಿನ ತೊಟ್ಟಿ ನೋಡಿದ ಹಾಗೆ. ಆಮೇಲೆ ನಟರು ಬಂದರು. ಮೊದಮೊದಲು ಅವರು ಶಾಲೆಯಲ್ಲಿ ಪಾಠ ಓದುವವರ ಹಾಗೆ, ಭಾವ ಇಲ್ಲದೆ, ತುಟಿಗೂ ಮಾತಿಗೂ ಸಂಬಂಧ ಇಲ್ಲದೆ ಓದುತ್ತಿದ್ದರು. ತಿಂಗಳುಗಳು ಕಳೆದ ಹಾಗೆ ಪೈಪೋಟಿ ಹೆಚ್ಚಿತು. ಯಾರ ಡಬ್ಬಿಂಗ್ ತುಟಿಗೆ ಸರಿಯಾಗಿ ಕೂರುತ್ತದೆ ಅಂತ. ಜೆರ್ರಿ ಆಡಮ್ಸ್‌ಗೆ ದನಿ ಕೊಟ್ಟವರಲ್ಲಿ ಸ್ಟೀಫನ್ ರೇ ಕೂಡ ಒಬ್ಬರು. ಮುಂದೆ ಸಿನಿಮಾವೊಂದರಲ್ಲಿ ಐಆರ್‌ಎ ಸದಸ್ಯನ ಪಾತ್ರ ಮಾಡಿ ಆಸ್ಕರ್‌ಗೆ ನಾಮನಿರ್ದೇಶನಗೊಂಡ ನಟ ಅವರೇ.

ನಮ್ಮಲ್ಲಿಗೆ ಬರುತ್ತಿದ್ದವನು ಅಷ್ಟು ದೊಡ್ಡ ನಟ ಅಲ್ಲ. ಬೆಲ್‌ಫಾಸ್ಟಿನವನು, ನಲವತ್ತರ ಆಸುಪಾಸು, ಸಣ್ಣ ಪುಟ್ಟ ಪಾತ್ರ ಮಾಡಿಕೊಂಡು ಲಂಡನ್ನಿನಲ್ಲಿ ಬಾಡಿಗೆ ಕಟ್ಟಲು ಒದ್ದಾಡುತ್ತಿದ್ದವನು. ತಾನು ಪ್ರೊಟೆಸ್ಟಂಟ್ ಮನೆಯವನು, ಅಂದರೆ ಎದುರು ಬಣದ ಕಡೆಯವನು, ಅಂತ ಅವನೇ ನಗುತ್ತಾ ಹೇಳಿಕೊಂಡಿದ್ದ. ‘ನಮ್ಮಮ್ಮನಿಗೆ ನಾನು ಟಿವಿ ಸೀರಿಯಲ್ ಮಾಡ್ತಾ ಇದ್ದೀನಿ ಅಂತ ಹೇಳಿದ್ದೀನಿ ಮಾರಾಯ. ಯಾರ ಬಾಯಿಗೆ ಮಾತಾಡ್ತಾ ಇದ್ದೀನಿ ಅಂತ ಗೊತ್ತಾದ್ರೆ ಮನೆಗೆ ಸೇರಿಸಲ್ಲ.’

ಕೆಲಸ ನಡೆಯುತ್ತಿದ್ದದ್ದು ಹೀಗೆ. ಮೂಲ ಟೇಪ್ ಮಧ್ಯಾಹ್ನ ಬರುತ್ತದೆ. ಮೊದಲು ಸಂದರ್ಶನವನ್ನು ಅಕ್ಷರಕ್ಕಿಳಿಸಬೇಕು, ತೊದಲು, ತಡವರಿಕೆ ಎಲ್ಲ ಸೇರಿಸಿ. ಆ ಹಾಳೆ ನಿರ್ಮಾಪಕರ ಕೈಗೆ, ಅಲ್ಲಿಂದ ಫ್ಯಾಕ್ಸಿನಲ್ಲಿ ವಕೀಲರ ಕೈಗೆ. ಯಾವ ಮಾತು ಸ್ವಂತ ದನಿಯಲ್ಲಿ ಹೋಗಬಹುದು, ಯಾವುದು ಹೋಗಬಾರದು ಅಂತ ವಕೀಲರು ಪೆನ್ಸಿಲಿನಲ್ಲಿ ಗೆರೆ ಹಾಕಿ ಕಳಿಸುತ್ತಾರೆ. ಸಂಜೆ ನಟ ಬರುತ್ತಾನೆ. ಗಾಜಿನ ಗೂಡಿನಲ್ಲಿ ಕೂರುತ್ತಾನೆ. ಒಂದು ಕಿವಿಯಲ್ಲಿ ಮೂಲ ದನಿ, ಎದುರಿಗೆ ಪರದೆಯ ಮೇಲೆ ತುಟಿ. ಒಂದೊಂದು ವಾಕ್ಯವನ್ನು ಐದಾರು ಸಲ ಹೇಳಿಸಬೇಕು. ಇಷ್ಟಾದ ಮೇಲೆ ನನ್ನ ಸರದಿ. ಮೂಲ ದನಿಯ ಟ್ರ್ಯಾಕನ್ನು ಪೂರ್ತಿ ಇಳಿಸಿ ನಟನದ್ದನ್ನು ಏರಿಸುವುದು.

ಕೇಳಲು ಸುಲಭ. ಮಾಡಲು ಕೂತಾಗ ಗೊತ್ತಾಗಿದ್ದು ಏನಂದರೆ, ದನಿ ತೆಗೆದರೆ ಅದರ ಜೊತೆ ಊರೇ ಹೋಗಿಬಿಡುತ್ತದೆ. ಮೈಕ್ ಒಂದೇ ಅಲ್ವಾ. ಆ ಮನುಷ್ಯನ ಮಾತಿನ ಹಿಂದೆ ಮಳೆ, ಬಸ್ಸು, ಮಕ್ಕಳ ಕೂಗು, ನಾಯಿ ಎಲ್ಲ ಅದೇ ಟ್ರ್ಯಾಕಿನಲ್ಲಿ ಇರುತ್ತವೆ. ಮಾತು ಅಳಿಸಿದ ಕೂಡಲೇ ಬೀದಿ ಸತ್ತು ಹೋಗುತ್ತದೆ. ಆಮೇಲೆ ಗಾಜಿನ ಗೂಡಿನಲ್ಲಿ ಹೇಳಿಸಿದ ಮಾತನ್ನು ಅಲ್ಲಿ ಇಟ್ಟರೆ ಬಾವಿಯೊಳಗಿಂದ ಕೇಳಿದ ಹಾಗಿರುತ್ತದೆ. ಅದಕ್ಕೆ ಬೆಲ್‌ಫಾಸ್ಟ್, ಡೆರ್ರಿ ಊರುಗಳ ಬರೀ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿಸಿ ತರಿಸಿಕೊಂಡಿದ್ದೆ. ಫಾಲ್ಸ್ ರಸ್ತೆ, ಬೆಳಿಗ್ಗೆ. ಫಾಲ್ಸ್ ರಸ್ತೆ, ಮಳೆ. ಡೆರ್ರಿ, ನದಿ ದಂಡೆ. ಪ್ರತಿ ಟೇಪಿನಲ್ಲೂ ಮೇಲೆ ಎಲ್ಲೋ ಸೈನ್ಯದ ಹೆಲಿಕಾಪ್ಟರ್ ಗುಂಯ್‌ಗುಡುತ್ತಿತ್ತು. ನಾನು ಬೆಲ್‌ಫಾಸ್ಟ್ ನೋಡಿರಲಿಲ್ಲ. ಆದರೆ ಆ ಹೆಲಿಕಾಪ್ಟರಿನ ಸದ್ದು ಎಷ್ಟು ಪರಿಚಯವಾಯಿತು ಅಂದರೆ, ಅದರ ಏರಿಳಿತ ಕೇಳಿ ಇದು ಯಾವ ಟೇಪು ಅಂತ ಹೇಳಬಲ್ಲವನಾಗಿದ್ದೆ. ನಮ್ಮ ಮಿಕ್ಸಿನಲ್ಲಿ ಅಸಲಿ ಅಂತ ಉಳಿದಿದ್ದು ಅದೊಂದೇ. ಹೆಲಿಕಾಪ್ಟರಿಗೆ ನಿಷೇಧ ಇರಲಿಲ್ಲ ನೋಡಿ.

ನನ್ನಿಂದ ಆದ ಒಂದು ಎಡವಟ್ಟನ್ನು ಇಲ್ಲಿ ಹೇಳಲೇಬೇಕು. ಸಾಕ್ಷ್ಯಚಿತ್ರಗಳಲ್ಲಿ ಬೇರೆ ಭಾಷೆಯವರು ಮಾತಾಡುವಾಗ ಒಂದು ರೂಢಿ ಇದೆ. ಮೊದಲು ಅವರ ಸ್ವಂತ ದನಿ ಒಂದು ಗಳಿಗೆ ಕೇಳಿಸಬೇಕು, ಆಮೇಲೆ ಅದನ್ನು ತಗ್ಗಿಸಿ ಅನುವಾದದ ದನಿ ಏರಿಸಬೇಕು. ಕೈಗೆ ಅದು ಅಭ್ಯಾಸ. 1989ರ ಚಳಿಗಾಲದ ಒಂದು ರಾತ್ರಿ, ಒಂದೂವರೆಯ ಹೊತ್ತಿಗೆ, ಶಿನ್ ಫೇನ್‌ನ ಒಬ್ಬ ಕೌನ್ಸಿಲರನ ಸಂದರ್ಶನ ಮುಗಿಸಿದ್ದೆ. ಟೇಪ್ ಒಯ್ಯಲು ಮೋಟರ್‌ಬೈಕಿನವನು ಕೆಳಗೆ ಬಂದು ನಿಂತಿದ್ದ. ಕೊನೆಯ ಸಲ ನೋಡುವಾಗ ನಿರ್ಮಾಪಕಿ ಕೈ ಎತ್ತಿದಳು. ‘ತಡಿ. ಏನೋ ಕೇಳಿಸಿತಲ್ಲ?’

ಹಿಂದಕ್ಕೆ ಓಡಿಸಿದೆ. ಹೌದು. ನಟನ ದನಿ ಏರುವ ಮೊದಲು, 12 ಫ್ರೇಮಿನಷ್ಟು, ಅಂದರೆ ಅರ್ಧ ಸೆಕೆಂಡು, ಮೂಲ ದನಿ ಉಳಿದುಬಿಟ್ಟಿತ್ತು. ಆ ಮನುಷ್ಯ ಒಮ್ಮೆ ಕೆಮ್ಮಿ, ‘ವೆಲ್’ ಅಂದಿದ್ದ. ಅಷ್ಟೇ. ತೆಗೆಯುವುದು ಕಷ್ಟ ಅಲ್ಲ, ಆದರೆ ಮಾಸ್ಟರ್ ಟೇಪಿಗೆ ಹೋಗಿಯಾಗಿತ್ತು. ಮತ್ತೆ ಮಾಡಿದರೆ ಒಂದು ಗಂಟೆ ತಡ. ನಿರ್ಮಾಪಕಿ ವಕೀಲರನ್ನು ನಿದ್ದೆಯಿಂದ ಎಬ್ಬಿಸಿದಳು. ಸ್ಪೀಕರಿನಲ್ಲಿ ನಮಗೂ ಕೇಳುತ್ತಿತ್ತು.

‘ಯಾವ ಪದ?’

‘ವೆಲ್.’

ಸ್ವಲ್ಪ ಹೊತ್ತು ಮೌನ. ‘ಪೂರ್ತಿ ಕೇಳುತ್ತಾ?’

‘ಕೊನೆಯ ಲ್ ಅರ್ಧಕ್ಕೆ ನಿಲ್ಲುತ್ತೆ.’

‘ತೆಗೆದುಬಿಡಿ. ವೆಲ್ ಅನ್ನುವುದಕ್ಕೆ ಅರ್ಥವೇ ಇಲ್ಲ ಅಂತ ಕೋರ್ಟಿನಲ್ಲಿ ನಿಂತು ವಾದ ಮಾಡುವ ಆಸೆ ನನಗಿಲ್ಲ.’

‘ಅದರ ಮುಂದೆ ಒಂದು ಕೆಮ್ಮು ಇದೆಯಲ್ಲ?’

‘ಕೆಮ್ಮು ಪದವಲ್ಲ. ಇರಲಿ.’

ಅವತ್ತಿನಿಂದ ನಮ್ಮ ಸ್ಟುಡಿಯೋದಲ್ಲಿ ಅದೇ ಕಾನೂನಾಯಿತು. ಕೆಮ್ಮು, ಸೀನು, ನಿಟ್ಟುಸಿರು, ನಗು ಎಲ್ಲ ಅವರದ್ದೇ. ಪದ ಮಾತ್ರ ನಟನದ್ದು. ನಗುವಿನ ಮಧ್ಯೆ ಪದ ಬಂದರೆ ಅಲ್ಲಿ ಕತ್ತರಿ. ಊರಲ್ಲಿ ದಸರೆಯ ಹೊತ್ತಿಗೆ ಸೂತ್ರದ ಗೊಂಬೆಯಾಟ ನೋಡುತ್ತಿದ್ದೆ. ಅಲ್ಲಿ ಗೊಂಬೆ ಕುಣಿಯುತ್ತದೆ, ಭಾಗವತರು ಹಿಂದಿನಿಂದ ಮಾತಾಡುತ್ತಾರೆ. ಗೊಂಬೆಯೇ ಮಾತಾಡುತ್ತಿದೆ ಅಂತ ಯಾರೂ ನಂಬಬೇಕಿಲ್ಲ, ನಂಬಿದರೂ ತಪ್ಪಿಲ್ಲ. ಇಲ್ಲಿ ಮಾತಾಡಬಲ್ಲ ಮನುಷ್ಯನನ್ನೇ ಗೊಂಬೆ ಮಾಡಿ, ಅವನೇ ಮಾತಾಡಿದ ಹಾಗೆ ಕಾಣಿಸಲು ರಾತ್ರಿಯೆಲ್ಲ ಕೂರುತ್ತಿದ್ದೆವು.

ಇನ್ನೂ ವಿಚಿತ್ರವಾದದ್ದು ಒಂದೇ ಬಾಯಿಗೆ ಎರಡು ದನಿ ಕೊಡುವ ಕೆಲಸ. ಸಂಘಟನೆಯ ಸದಸ್ಯ ಸದಾಕಾಲ ಸಂಘಟನೆಯ ಪರವಾಗಿಯೇ ಮಾತಾಡುತ್ತಾನೆ ಅಂತ ತಿಳಿಯಬೇಕಿಲ್ಲ ಅಂತಲೂ ಸರ್ಕಾರ ಹೇಳಿತ್ತು. ಅಂದರೆ ಕೌನ್ಸಿಲರ್ ತನ್ನ ವಾರ್ಡಿನ ಮನೆಗಳಲ್ಲಿ ಗೋಡೆ ಜಿನುಗುವ ಬಗ್ಗೆ ಹೇಳಿದರೆ ಸ್ವಂತ ದನಿ. ಅದೇ ಉಸಿರಿನಲ್ಲಿ ‘ನಮ್ಮ ಪಕ್ಷದ ನಿಲುವು’ ಅಂದರೆ ನಟನ ದನಿ. ಒಮ್ಮೆ ಒಂದು ವಾಕ್ಯದ ನಡುವೆಯೇ ವಕೀಲರ ಪೆನ್ಸಿಲ್ ಗೆರೆ ಬಿದ್ದಿತ್ತು. ಗೋಡೆಯಿಂದ ಪಕ್ಷಕ್ಕೆ ದಾಟುವ ಜಾಗದಲ್ಲಿ ದನಿ ಬದಲಾಗಬೇಕು. ಹಾಗೇ ಮಾಡಿದೆ. ನೋಡಿದವರಿಗೆ ಆ ಮನುಷ್ಯನ ಮೈಮೇಲೆ ಏನೋ ಬಂದ ಹಾಗೆ ಕಂಡಿರಬೇಕು.

1990ರಲ್ಲಿ ಬಿಬಿಸಿಯ ವರದಿಗಾರ ಪೀಟರ್ ಟೇಲರ್ ಉತ್ತರ ಐರ್ಲೆಂಡಿನ ಮೇಜ್ ಜೈಲಿನೊಳಗೆ ಹೋಗಿ ಒಂದು ಸಾಕ್ಷ್ಯಚಿತ್ರ ಮಾಡಿದರು. ನಮ್ಮ ಸ್ಟುಡಿಯೋದ್ದಲ್ಲ, ಮನೆಯಲ್ಲಿ ಭಾವನ ಜೊತೆ ಕೂತು ನೋಡಿದ್ದು. ಅದರಲ್ಲಿ ಕೈದಿಗಳು ತಮ್ಮ ತಮ್ಮ ಜೀವನದ ಬಗ್ಗೆ ಸ್ವಂತ ದನಿಯಲ್ಲೇ ಮಾತಾಡಿದರು. ಆದರೆ ಐಆರ್‌ಎ ಕೈದಿಗಳ ಪರವಾಗಿ ಊಟದ ವಿಷಯ ನೋಡಿಕೊಳ್ಳುವ ಒಬ್ಬನಿದ್ದ. ಅವನು ಜೈಲಿನವರ ಹತ್ತಿರ ಸಾಸೇಜ್ ರೋಲ್ ತೀರಾ ಚಿಕ್ಕದಾಯಿತು ಅಂತ ದೂರಿದ. ಅದು ಸಂಘಟನೆಯ ಪರವಾಗಿ ಆಡಿದ ಮಾತು! ಆದ್ದರಿಂದ ಸಾಸೇಜ್ ರೋಲಿನ ಅಳತೆಯ ಬಗ್ಗೆ ನಟನೊಬ್ಬ ದನಿ ಕೊಟ್ಟ.

ಭಾವ ಚಮಚ ತಟ್ಟೆಗೆ ಹಾಕಿದರು. ‘ಇದೇನೋ ನಾಟಕ ಇದು? ಬೇಡ ಅಂದ್ರೆ ಬೇಡ ಅನ್ನಬೇಕು. ತೋರಿಸ್ತಾರೆ, ಮಾತೂ ಕೇಳಿಸ್ತಾರೆ, ದನಿ ಮಾತ್ರ ಬೇರೆ. ಇದರಿಂದ ಸತ್ತವರ ಮನೆಯವರಿಗೆ ಏನು ಸಮಾಧಾನ?’

‘ನನ್ನ ಸಂಬಳ ಬರುತ್ತೆ ಭಾವ,’ ಅಂದೆ. ಅಕ್ಕ ಕಣ್ಣು ಬಿಟ್ಟಳು. ಸುಮ್ಮನಾದೆ.

ಭಾವನಿಗೆ ಹೇಳದ ಒಂದು ವಿಷಯ ಇತ್ತು. ಮೂಲ ದನಿಗಳನ್ನು ದಿನವೂ ಕೇಳುವ ಕೆಲವೇ ಜನರಲ್ಲಿ ನಾನೊಬ್ಬ. ನಟ ಬಂದ ಮೇಲೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ಆ ಕೌನ್ಸಿಲರುಗಳಲ್ಲಿ ಜಾಸ್ತಿ ಜನ ಒಳ್ಳೆಯ ಮಾತುಗಾರರಲ್ಲ. ಬಾಂಬ್ ಬಗ್ಗೆ ನೇರ ಪ್ರಶ್ನೆ ಕೇಳಿದಾಗ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಬಾಯಿಪಾಠದ ಉತ್ತರ ಹೇಳುವಾಗ ದನಿ ಒಂದೇ ಮಟ್ಟಕ್ಕೆ ಇಳಿಯುತ್ತಿತ್ತು. ಒಬ್ಬನಂತೂ ಸತ್ತ ಮಗುವಿನ ಹೆಸರು ಹೇಳುವಲ್ಲಿ ಎರಡು ಸಲ ತಪ್ಪಿದ್ದ. ಇದೆಲ್ಲ ಕೇಳಿದವರಿಗೆ ಒಂದು ತೀರ್ಮಾನಕ್ಕೆ ಬರಲು ಸಾಕಾಗುತ್ತಿತ್ತು. ನಮ್ಮ ನಟ ಮಾತ್ರ ನಟ. ಅಳುಕಿಲ್ಲದ ದನಿ, ಅಚ್ಚುಕಟ್ಟಾದ ಉಚ್ಚಾರ. ತಡವರಿಸಿದ್ದನ್ನು ಹಾಗೇ ತಡವರಿಸು ಅಂದರೆ, ‘ಅದು ನಟನೆ ಆಗುತ್ತೆ, ಅಣಕಿಸಿದ ಹಾಗಾಗುತ್ತೆ’ ಅಂತ ನಿರ್ಮಾಪಕರೇ ಬೇಡ ಅನ್ನುತ್ತಿದ್ದರು. ಹಾಗಾಗಿ ಪುಕ್ಕಲನೂ ಧೀರನಾಗಿ ಟಿವಿಗೆ ಬರುತ್ತಿದ್ದ. ಆಮ್ಲಜನಕ ಕಡಿಮೆ ಮಾಡಲು ಹೊರಟವರು ಸಿಲಿಂಡರಿಗೇ ಪಾಲಿಶ್ ಹಾಕಿಸಿದ ಹಾಗೆ.

ಇಷ್ಟು ಹೇಳಿದರೆ ಇದೆಲ್ಲ ಬರೀ ತಮಾಷೆ ಅನ್ನಿಸಬಹುದು. ಅವತ್ತು ಲಂಡನ್ನಿನಲ್ಲೂ ಜಾಸ್ತಿ ಜನ ಹಾಗೇ ನಗುತ್ತಿದ್ದರು. ನಗುವವರಿಗೆ ಕಾಣದೇ ಹೋದದ್ದು ನಮ್ಮ ಟೇಬಲ್ಲಿಗೆ ಬರದೇ ಇದ್ದ ಟೇಪುಗಳು. ಒಂದು ನಿಮಿಷದ ಡಬ್ಬಿಂಗಿಗೆ ನಟ, ವಕೀಲ, ಸ್ಟುಡಿಯೋ, ಅರ್ಧ ರಾತ್ರಿ. ಸುದ್ದಿಯವರಿಗೆ ಅಷ್ಟು ಹೊತ್ತು ಎಲ್ಲಿದೆ? ‘ಯಾಕೆ ತಲೆನೋವು, ಬೇರೆ ಯಾರನ್ನಾದರೂ ಕೇಳೋಣ’ ಅಂತ ಫೋನಿನಲ್ಲಿ ಹೇಳುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ಗ್ಲಾಸ್ಗೋ ವಿಶ್ವವಿದ್ಯಾಲಯದ ಮಾಧ್ಯಮ ಅಧ್ಯಯನದವರು ಆಮೇಲೆ ಲೆಕ್ಕ ಹಾಕಿದರು. ಆದೇಶ ಬಂದ ಮುಂದಿನ ಒಂದು ವರ್ಷದಲ್ಲಿ ಬಿಬಿಸಿ ಸುದ್ದಿಯಲ್ಲಿ ಶಿನ್ ಫೇನ್‌ನವರು ಕಾಣಿಸಿಕೊಳ್ಳುವುದು ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಗಿತ್ತು. ಕೆಮ್ಮು ಇರಲಿ, ವೆಲ್ ಬೇಡ ಅಂತ ನಾವು ತಲೆ ಕೆಡಿಸಿಕೊಂಡಿದ್ದೆವು. ಸರ್ಕಾರಕ್ಕೆ ಬೇಕಾಗಿದ್ದು ಅದಕ್ಕೂ ಮೊದಲೇ ಆಗಿಹೋಗಿತ್ತು, ಯಾರೂ ಕತ್ತರಿ ಹಿಡಿಯದೆ.

ಭಯ ಪಟ್ಟಿಯಲ್ಲಿಲ್ಲದವರಿಗೂ ತಟ್ಟಿತು. ಬರ್ಮಿಂಗ್‌ಹ್ಯಾಮ್ ಬಾಂಬ್ ಪ್ರಕರಣದಲ್ಲಿ ಆರು ಜನ ತಪ್ಪಿಲ್ಲದೆ ಜೈಲಿನಲ್ಲಿದ್ದಾರೆ ಅಂತ ಹಾಡಿದ ಒಂದು ತಂಡದ ಹಾಡನ್ನೂ ಖಾಸಗಿ ರೇಡಿಯೋಗಳಲ್ಲಿ ಹಾಕಬಾರದು ಅಂತಾಯಿತು. ಆ ಆರು ಜನ 1991ರಲ್ಲಿ ನಿರ್ದೋಷಿಗಳು ಅಂತ ಬಿಡುಗಡೆಯಾದರು. ಮಾಜಿ ಎಂಪಿ ಬರ್ನಡೆಟ್ ಮೆಕ್‌ಅಲಿಸ್ಕಿ ಆ 11 ಸಂಘಟನೆಗಳಲ್ಲಿ ಯಾವುದರ ಪರವಾಗಿಯೂ ಮಾತಾಡಲು ಬಂದವರಲ್ಲ. 1992ರಲ್ಲಿ ಬಿಬಿಸಿಯ ಒಂದು ಚರ್ಚೆಯಲ್ಲಿ, ಜನ ಯಾಕೆ ಹಿಂಸೆಗೆ ಇಳಿಯುತ್ತಾರೆ ಅಂತ ಅವರು ಹೇಳಿದ ಮಾತಿಗೂ ದನಿ ತೆಗೆದು ಅಕ್ಷರ ಹಾಕಿದರು. ಪತ್ರಕರ್ತರು ಆದೇಶದ ವಿರುದ್ಧ ಕೋರ್ಟಿಗೆ ಹೋಗಿದ್ದರು. 1991ರಲ್ಲಿ, ಆಗ ಎಲ್ಲಕ್ಕಿಂತ ಮೇಲಿನ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿ ಸೋತರು.

ಪಕ್ಕದ ಸ್ವತಂತ್ರ ದೇಶ ಐರ್ಲೆಂಡ್ ಗಣರಾಜ್ಯದ ಕತೆ ಇನ್ನೂ ಬಿಗಿ. ನಮ್ಮ ನಟ ಅದನ್ನು ಹೇಳಿ ಹೇಳಿ ನಗುತ್ತಿದ್ದ. ಅಲ್ಲಿ 1960ರ ಪ್ರಸಾರ ಕಾಯ್ದೆಯ 31ನೇ ಸೆಕ್ಷನ್ ಅಂತ ಇತ್ತು. 1970ರ ದಶಕದ ಶುರುವಿನಿಂದಲೇ ಅದನ್ನು ಬಳಸಿ ಇಂಥ ಸಂಘಟನೆಗಳ ಮಾತು ತಡೆಯುತ್ತಿದ್ದರು. ಐಆರ್‌ಎ ಮುಖ್ಯಸ್ಥನ ಸಂದರ್ಶನದ ವರದಿ ಹಾಕಿದ್ದಕ್ಕೆ 1972ರಲ್ಲಿ ಸರ್ಕಾರ ಅಲ್ಲಿನ ಸರ್ಕಾರಿ ಪ್ರಸಾರ ಸಂಸ್ಥೆ ಆರ್‌ಟಿಇಯ ಇಡೀ ಆಡಳಿತ ಮಂಡಳಿಯನ್ನೇ ಮನೆಗೆ ಕಳಿಸಿತ್ತು. ಸಂದರ್ಶನದ ವರದಿಗೂ ಅಲ್ಲಿ ತಡೆ ಇದ್ದದ್ದರಿಂದ ನಟರಿಗೆ ಕೆಲಸವೇ ಇಲ್ಲ. 1990ರಲ್ಲಿ ಡಬ್ಲಿನ್ನಿನ ಒಂದು ಕೇಕ್ ಕಾರ್ಖಾನೆಯಲ್ಲಿ ಮುಷ್ಕರ ಆಯಿತು. ಕಾರ್ಮಿಕರ ಪರವಾಗಿ ಮಾತಾಡುವವನು ಶಿನ್ ಫೇನ್ ಸದಸ್ಯ ಅಂತ ಗೊತ್ತಾದ ಮೇಲೆ ಮುಷ್ಕರದ ಬಗ್ಗೆಯೂ ಆರ್‌ಟಿಇ ಅವನ ಮಾತು ಹಾಕಲಿಲ್ಲ. ಅವನು ಕೋರ್ಟಿಗೆ ಹೋದ. ಸರ್ಕಾರ ಕೇಳಿದ್ದಕ್ಕಿಂತ ಜಾಸ್ತಿಯೇ ನೀವು ಬಾಯಿ ಕಟ್ಟಿದ್ದೀರಿ ಅನ್ನುವ ಅರ್ಥದ ತೀರ್ಪು 1993ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಿಂದ ಬಂತು.

ಚುನಾವಣೆ ಬಂದರೆ ಮಾತ್ರ ನಮಗೆ ರಜೆ. ಪ್ರಚಾರದ ದಿನಗಳಿಗೆ ಆದೇಶದಲ್ಲಿ ರಿಯಾಯಿತಿ ಇತ್ತು. 1992ರ ಏಪ್ರಿಲ್ ಚುನಾವಣೆಗೆ ಮುಂಚೆ ಮೂರ್ನಾಲ್ಕು ವಾರ ಜೆರ್ರಿ ಆಡಮ್ಸ್ ಸ್ವಂತ ದನಿಯಲ್ಲೇ ಮತ ಕೇಳಿದರು. 9ನೇ ತಾರೀಖು ಮತದಾನ. ಆಡಮ್ಸ್ ಸೋತರು. ಮತದಾನ ಮುಗಿದ ಮೇಲೆ ರಿಯಾಯಿತಿಯೂ ಮುಗಿಯಿತು. ಪ್ರಚಾರಕ್ಕೆ ಸ್ವಂತ ದನಿ, ಸೋಲಿಗೆ ಬಾಡಿಗೆ ದನಿ. ಮಾರನೇ ದಿನ ನಮ್ಮ ನಟ ಫೋನ್ ಮಾಡಿದ್ದ. ‘ಏನಾದ್ರೂ ಕೆಲಸ ಇದೆಯಾ?’

ಕೊನೆಗೂ 1994ರ ಆಗಸ್ಟ್ 31ರಂದು ಐಆರ್‌ಎ ಕದನ ವಿರಾಮ ಸಾರಿತು. ಗಣರಾಜ್ಯದಲ್ಲಿ ಆ ವರ್ಷದ ಜನವರಿಯಲ್ಲೇ ಸಚಿವ ಮೈಕಲ್ ಡಿ. ಹಿಗಿನ್ಸ್ ಆದೇಶವನ್ನು ಮುಂದುವರಿಸದೆ ಬಿಟ್ಟಿದ್ದರು. ಸೆಪ್ಟೆಂಬರ್ 16ರಂದು ಪ್ರಧಾನಿ ಜಾನ್ ಮೇಜರ್ ಬೆಲ್‌ಫಾಸ್ಟಿನಲ್ಲಿ ನಿಂತು ಬ್ರಿಟನ್ನಿನ ನಿಷೇಧವನ್ನೂ ತೆಗೆದರು. ಅವತ್ತು ರಾತ್ರಿ ಸುದ್ದಿಯಲ್ಲಿ ಆಡಮ್ಸ್ ಅವರದೇ ದನಿ ಬಂತು. ಅಕ್ಕ ಅಡುಗೆಮನೆಯಿಂದ, ‘ಇದು ಯಾರದ್ದು ದನಿ?’ ಅಂದಳು. ‘ಅವರದ್ದೇ,’ ಅಂದೆ. ಭಾವ ಟಿವಿ ಆಫ್ ಮಾಡು ಅನ್ನಲಿಲ್ಲ. ಎದ್ದು ಹೋಗಿ ಹಿತ್ತಲಿನಲ್ಲಿ ನಿಂತರು. ಸುದ್ದಿ ಮುಗಿಯುವ ತನಕ ಒಳಗೆ ಬರಲಿಲ್ಲ.

ಆ ವಾರ ನಮ್ಮಲ್ಲಿ ಒಂದು ಕಾರ್ಯಕ್ರಮ ಅರ್ಧ ಆಗಿತ್ತು. ಒಬ್ಬ ಕೌನ್ಸಿಲರನ ದೊಡ್ಡ ಸಂದರ್ಶನ. ಡಬ್ಬಿಂಗ್ ಮುಗಿದಿತ್ತು. ಈಗ ಮೂಲ ದನಿ ಹಾಕಿ ಕೊಡು ಅಂದರು. ಒಂದು ಫೇಡರ್ ಇಳಿಸಿ ಇನ್ನೊಂದು ಏರಿಸಿದರೆ ಆಯಿತು ಅಂದುಕೊಂಡೆ. ಆಗಲಿಲ್ಲ. ಆ ಮನುಷ್ಯ 9 ಸೆಕೆಂಡು ತೆಗೆದುಕೊಂಡ ವಾಕ್ಯವನ್ನು ನಟ 6 ಸೆಕೆಂಡಿನಲ್ಲಿ ಮುಗಿಸಿದ್ದ. ಉಳಿದ ಚಿತ್ರಕ್ಕೆ ಕತ್ತರಿ ಹಾಕಿ, ಮೇಲೆ ನದಿಯ ಚಿತ್ರ ಅಂಟಿಸಿದ್ದೆವು. ಈಗ ಮೂಲ ದನಿ ಏರಿಸಿದರೆ ಪ್ರತಿ ವಾಕ್ಯವೂ ಬಾಲ ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ಮತ್ತೆ ಮೂಲ ಟೇಪುಗಳನ್ನು ತರಿಸಿ, ಮೊದಲಿನಿಂದ ಜೋಡಿಸಲು ಎರಡು ರಾತ್ರಿ ಹಿಡಿಯಿತು.

ನಿರ್ಮಾಪಕಿ ಪೂರ್ತಿ ಕೇಳಿ ಹಣೆ ಗಂಟಿಕ್ಕಿದಳು. ‘ಉದ್ದ ಆಯ್ತು. ತುಂಬಾ ತೊದಲ್ತಾನೆ. ನಟನದ್ದೇ ಇಟ್ಟುಕೊಳ್ಳೋದಕ್ಕೆ ಆಗಲ್ವಾ?’

‘ಈಗ ಅದಕ್ಕೆ ಯಾವ ಆದೇಶ ತೋರಿಸ್ತೀರಿ?’ ಅಂದೆ. ಅವಳು ನಕ್ಕಳು. ಆದರೂ ಒಂದು ನಿಮಿಷ ಯೋಚಿಸಿದಳು, ನಾನು ನೋಡಿದೆ.

ಮಾರನೇ ದಿನ ನಟ ತನ್ನ ಚೆಕ್ ಇಸಿದುಕೊಳ್ಳಲು ಬಂದ. ಬಳಸದಿದ್ದರೂ ದುಡ್ಡು ಕೊಡಬೇಕಲ್ಲ. ಹೊಸ ಮಿಕ್ಸ್ ಕೇಳಿಸು ಅಂದ. ಹಾಕಿದೆ. ಗಾಜಿನ ಗೂಡಿಗೆ ಹೋಗದೆ, ನನ್ನ ಪಕ್ಕದ ಕುರ್ಚಿಯಲ್ಲಿ ಕೋಟು ಹಾಕಿಕೊಂಡೇ ಕೂತ. ಒಂದು ಕಡೆ ಆ ಮನುಷ್ಯ ತಡವರಿಸಿದಾಗ ನಟನ ತುಟಿ ಸದ್ದಿಲ್ಲದೆ ಅಲ್ಲಾಡಿತು, ಮುಂದಿನ ಪದ ಎತ್ತಿಕೊಡುವವನ ಹಾಗೆ.

‘ಪರವಾಗಿಲ್ಲ,’ ಅಂದ. ‘ಲಾಯಲಿಸ್ಟರು ಇನ್ನೂ ಕದನ ವಿರಾಮ ಹೇಳಿಲ್ಲ ಅಲ್ವಾ?’

‘ಇನ್ನೂ ಇಲ್ಲ. ಆದರೆ ನಿಷೇಧ ಅವರಿಗೂ ಹೋಯ್ತು.’

‘ಹೋಯ್ತಾ?’ ಅಂದ. ಚೆಕ್ ಮಡಚಿ ಕೋಟಿನ ಒಳಜೇಬಿಗೆ ಹಾಕಿಕೊಂಡ. ಬಾಗಿಲಲ್ಲಿ ನಿಂತು, ಜಾಹೀರಾತಿಗೆ ಯಾರಿಗಾದರೂ ಐರಿಷ್ ದನಿ ಬೇಕಿದ್ದರೆ ಹೇಳು ಅಂದ. ನಂಬರ್ ನನ್ನ ಹತ್ತಿರ ಇದ್ದೇ ಇತ್ತು.